ಹಳೇ ಸ್ಪೋರ್ಟ್ಸ್ ಕಾರು ಮಾರುವುದು: ಬೆಲೆ ಕಟ್ಟುವುದರಿಂದ ಆರ್‌ಸಿಯಲ್ಲಿ ಹೆಸರು ಬದಲಾಗುವವರೆಗೆ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಮನ್ಯಾಗ ಒಂದು ಹಳೇ ಸ್ಪೋರ್ಟ್ಸ್ ಕಾರು ಐತ್ರಿ. ಎಷ್ಟಕ್ಕ ಹೋಗಬಹುದು?"

ಸ್ವಿಫ್ಟೋ ಇನ್ನೋವಾನೋ ಆಗಿದ್ದರೆ ಗೋಕುಲ ರಸ್ತೆಯ ಸೆಕೆಂಡ್ ಹ್ಯಾಂಡ್ ವ್ಯಾಪಾರಿಗಳು ಫೋನಿನಲ್ಲೇ ರೇಟು ಹೇಳಿಬಿಡುತ್ತಾರೆ. ಎರಡು ಬಾಗಿಲಿನ, ಇಪ್ಪತ್ತು ವರ್ಷ ಹಳೆಯ, ಬಿಡಿಭಾಗ ಸಿಗುವುದೇ ಕಷ್ಟವಾದ ಗಾಡಿಗೆ ಹಾಗೆ ರೇಟು ಇರುವುದಿಲ್ಲ. ಒಬ್ಬರು ಹದಿನೈದು ಲಕ್ಷ ಅನ್ನುತ್ತಾರೆ, ಇನ್ನೊಬ್ಬರು ಗುಜರಿ ಬೆಲೆ ಹೇಳುತ್ತಾರೆ. ಎರಡನ್ನೂ ನಂಬಬೇಡಿ. ಬೆಲೆಯನ್ನು ನೀವೇ ಲೆಕ್ಕ ಹಾಕಿ ತೆಗೆಯಬೇಕು.

ಲೆಕ್ಕದ ತಳಹದಿ ಒಂದೇ. ಕೊಳ್ಳುವವರು ಈ ಕಾರಿಗೆ ಇನ್ನು ಮುಂದೆ ಎಷ್ಟು ಖರ್ಚು ಮಾಡಬೇಕಾಗುತ್ತದೋ ಅದನ್ನು ಕಳೆದರೆ ಉಳಿಯುವುದೇ ನಿಮ್ಮ ಬೆಲೆ. ನೀವು ಇದುವರೆಗೆ ಹಾಕಿದ ದುಡ್ಡು ಆ ಲೆಕ್ಕದೊಳಗೆ ಬರುವುದೇ ಇಲ್ಲ. ಇದು ಒಪ್ಪಿಕೊಳ್ಳೋಕೆ ಕಷ್ಟ ಅಂತ ಗೊತ್ತು. ಆದರೆ ಇದನ್ನು ಒಪ್ಪಿಕೊಳ್ಳದವರ ಕಾರುಗಳೇ ವರ್ಷಗಟ್ಟಲೆ ಶೆಡ್‌ನಲ್ಲಿ ನಿಂತು, ಇಲಿ ವೈರು ಕಡಿದು, ಇದ್ದ ಬೆಲೆಯನ್ನೂ ಕಳೆದುಕೊಳ್ಳುತ್ತವೆ.

ಹಂತ 1: ನಿಮ್ಮ ಕಾರು ಯಾವ ಗುಂಪಿನದು?

ಮೊದಲು "ವಿಂಟೇಜ್" ಅನ್ನುವ ಮಾತು ಬಿಡಿ. 2021ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿ ಮೂಲರೂಪದಲ್ಲೇ ಉಳಿದಿರುವ ಗಾಡಿ ಮಾತ್ರ ವಿಂಟೇಜ್. ಅದಕ್ಕೆ "ವಿಎ" ಅಕ್ಷರಗಳಿರುವ ಬೇರೆ ನಂಬರ್ ಸಿಗುತ್ತದೆ, ನೋಂದಣಿ 10 ವರ್ಷ ನಡೆಯುತ್ತದೆ, ಆದರೆ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ನಿಮ್ಮ 2003ರ ಕಾರನ್ನು ವಿಂಟೇಜ್ ಅಂತ ಜಾಹೀರಾತಿನಲ್ಲಿ ಹಾಕಿದರೆ ವಿಷಯ ಗೊತ್ತಿರುವ ಗಿರಾಕಿ ಅಲ್ಲೇ ಮುಂದಕ್ಕೆ ಹೋಗುತ್ತಾರೆ.

ನಮ್ಮ ಕಡೆ ಸಿಗುವ ಹಳೇ ಸ್ಪೋರ್ಟ್ಸ್ ಕಾರುಗಳನ್ನು ಮಾರಾಟದ ದೃಷ್ಟಿಯಿಂದ ಮೂರು ಥರ ನೋಡಬಹುದು. ಮೊದಲನೆಯದು ಹೊರದೇಶದಿಂದ ಪೂರ್ತಿ ತಯಾರಾಗಿ ಬಂದ ಎರಡು ಸೀಟಿನವು: ಮರ್ಸಿಡಿಸ್ ಎಸ್‌ಎಲ್‌ಕೆ, ಬಿಎಂಡಬ್ಲ್ಯು ಜೆಡ್4 ಇಂಥವು. ಎರಡನೆಯದು ಇಲ್ಲೇ ತಯಾರಾದ ಅಪರೂಪದ ಗಾಡಿಗಳು. ಗೋವಾದಲ್ಲಿ ತಯಾರಾಗುತ್ತಿದ್ದ ಫೈಬರ್ ಬಾಡಿಯ ಸ್ಯಾನ್ ಸ್ಟಾರ್ಮ್, 1984ರಿಂದ 2002ರವರೆಗೆ ಬಂದ ಕಾಂಟೆಸ್ಸಾ ಈ ಸಾಲಿಗೆ ಸೇರುತ್ತವೆ. ಮೂರನೆಯದು ನೋಡೋಕೆ ಮಾಮೂಲಿ, ಓಡಿಸಿದರೆ ಬೇರೆಯೇ ಅನ್ನಿಸುವ ಕಾರುಗಳು: ಮೊದಲ ತಲೆಮಾರಿನ ಹೋಂಡಾ ಸಿಟಿ 1.5 ವಿಟೆಕ್, ಫಿಯೆಟ್ ಪಾಲಿಯೋ 1.6, ಸ್ಕೋಡಾ ಆಕ್ಟೇವಿಯಾ ಆರ್‌ಎಸ್.

ಮೊದಲ ಗುಂಪಿನಲ್ಲಿ ಗಿರಾಕಿಗೆ ರಿಪೇರಿ ಮತ್ತು ನೋಂದಣಿ ಖರ್ಚಿನ ಭಯ. ಎರಡನೆಯದರಲ್ಲಿ ಬಿಡಿಭಾಗದ ಚಿಂತೆ. ಮೂರನೆಯದರಲ್ಲಿ "ಇದು ನಿಜವಾಗಲೂ ಆ ಮಾಡೆಲ್ಲೇನಾ, ಎಂಜಿನ್ ಬದಲಾಗಿಲ್ಲ ತಾನೆ?" ಅನ್ನುವ ಸಂಶಯ. ನಿಮ್ಮ ಗಿರಾಕಿಯ ಭಯ ಯಾವುದು ಅಂತ ಈಗಲೇ ತಿಳಿದುಕೊಂಡರೆ ಮುಂದಿನ ಕೆಲಸ ಸುಲಭ.

ಹಂತ 2: ಕಾಗದಪತ್ರ

ಕಾರಿಗೆ ಪಾಲಿಶ್ ಹಾಕಿಸುವ ಮೊದಲು ಕಪಾಟಿನಲ್ಲಿರುವ ಫೈಲು ತೆಗೆಯಿರಿ. ಹಳೇ ಕಾರಿನ ವ್ಯಾಪಾರ ಮುರಿದುಬೀಳುವುದು ಹೆಚ್ಚಾಗಿ ಇಲ್ಲೇ.

ಆರ್‌ಸಿ ಅವಧಿ. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ ಮಾಡಿಸಬೇಕು. ನಮ್ಮಲ್ಲಿ ಇದನ್ನೇ "ಎಫ್‌ಸಿ ಮಾಡಿಸೋದು" ಅನ್ನುತ್ತಾರೆ. ಫಾರಂ 25 ತುಂಬಿ, ಗಾಡಿಯನ್ನು ಆರ್‌ಟಿಒ ಕಚೇರಿಗೆ ಒಯ್ದು ಇನ್ಸ್‌ಪೆಕ್ಟರ್‌ಗೆ ತೋರಿಸಬೇಕು. ತಡವಾದರೆ ತಿಂಗಳಿಗೆ 500 ರೂಪಾಯಿ ಹೆಚ್ಚುವರಿ ಶುಲ್ಕ ಅಂತ ನಿಯಮವಿದೆ. ರಾಜ್ಯದ ಹಸಿರು ತೆರಿಗೆ ಬೇರೆ.

ಇಲ್ಲಿ ಬಹಳ ಜನ ಎಡವುವ ಜಾಗವಿದೆ. 2025ರ ಆಗಸ್ಟ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ 20 ವರ್ಷ ದಾಟಿದ ಗಾಡಿಗಳ ನವೀಕರಣ ಶುಲ್ಕ ಏರಿಸಿತು. ಮಾಮೂಲಿ ಕಾರಿಗೆ 10,000 ರೂಪಾಯಿ. ಆಮದಾದ ನಾಲ್ಕು ಚಕ್ರದ ಗಾಡಿಗೆ 80,000 ರೂಪಾಯಿ. ಅಂದರೆ 2005ರಲ್ಲಿ ನೋಂದಣಿಯಾದ ಎಸ್‌ಎಲ್‌ಕೆಗೆ ಈಗ ಎಫ್‌ಸಿ ಮಾಡಿಸಲು ಬರೀ ಶುಲ್ಕವೇ 80,000. ನಿಮ್ಮ ಗಿರಾಕಿಗೆ ಇದು ಗೊತ್ತಿರುತ್ತದೆ. ನಿಮಗೂ ಗೊತ್ತಿರಲಿ. ಆರ್‌ಸಿಯಲ್ಲಿ "ಇಂಪೋರ್ಟೆಡ್" ಅಂತ ದಾಖಲಾಗಿದೆಯಾ ಅಂತ ಪರಿವಾಹನ್ ಜಾಲತಾಣದಲ್ಲೋ ಎಂಪರಿವಾಹನ್ ಆ್ಯಪ್‌ನಲ್ಲೋ ನೋಡಿಕೊಳ್ಳಿ. ಬಾಕಿ ದಂಡಗಳಿದ್ದರೆ ಅದೇ ಹೊತ್ತಿಗೆ ತೀರಿಸಿ.

ಹೆಸರು ಯಾರದು? ನಮ್ಮ ಕಡೆಯ ಎಷ್ಟೋ ಹಳೇ ಕಾರುಗಳು ಇನ್ನೂ ತೀರಿಹೋದ ಅಪ್ಪನ ಅಥವಾ ಕಾಕಾನ ಹೆಸರಿನಲ್ಲೇ ಇವೆ. ಆ ಸ್ಥಿತಿಯಲ್ಲಿ ನೇರವಾಗಿ ಮಾರೋಕೆ ಬರುವುದಿಲ್ಲ. ಮೊದಲು ಫಾರಂ 31ರ ಮೂಲಕ ವಾರಸುದಾರರ ಹೆಸರಿಗೆ ಮಾಡಿಸಬೇಕು. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಪತ್ರ ತಯಾರಿಟ್ಟುಕೊಳ್ಳಿ. ಅಣ್ಣ-ತಮ್ಮ, ಅಕ್ಕ-ತಂಗಿಯರ ಒಪ್ಪಿಗೆಯನ್ನು ಗಿರಾಕಿ ಬರುವ ಮೊದಲೇ ಬರೆಸಿಕೊಳ್ಳಿ. ಲಕ್ಷಗಳ ಮಾತು ಶುರುವಾದ ಮೇಲೆ ಸಹಿ ಸಿಗುವುದು ನಿಧಾನವಾಗುತ್ತದೆ.

ಸಾಲದ ನಮೂದು. ಹತ್ತು ವರ್ಷದ ಹಿಂದೆಯೇ ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿರಬಹುದು. ಇದನ್ನು "ಎಚ್‌ಪಿ" ಅನ್ನುತ್ತಾರೆ, ಅಂದರೆ ಗಾಡಿ ಬ್ಯಾಂಕಿಗೆ ಅಡವಿದೆ ಅನ್ನುವ ದಾಖಲೆ. ತೆಗೆಸಲು ಬ್ಯಾಂಕಿನ ಸಹಿಯಿರುವ ಫಾರಂ 35 ಮತ್ತು ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರ, ಬೇಕು. ಆ ಬ್ಯಾಂಕೇ ಈಗ ಇಲ್ಲದಿದ್ದರೆ? ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿಗೆ ಸೇರಿತು. ಧಾರವಾಡದಲ್ಲೇ ಮುಖ್ಯ ಕಚೇರಿಯಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ ತಿಂಗಳಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ವಿಲೀನವಾಯಿತು. ವಿಲೀನವಾದ ಬ್ಯಾಂಕಿನ ಶಾಖೆಗೆ ಹಳೇ ಸಾಲದ ಖಾತೆ ನಂಬರ್ ಒಯ್ದು ಕೇಳಿ. ದಾಖಲೆ ಹುಡುಕಲು ಅವರಿಗೆ ಸಮಯ ಬೇಕಾಗುತ್ತದೆ, ಹಾಗಾಗಿ ಇದನ್ನು ಮೊದಲ ದಿನವೇ ಶುರುಮಾಡಿ.

ಎಂಜಿನ್ ನಂಬರ್, ಚೇಸಿ ನಂಬರ್, ಬಣ್ಣ. ಮೂರೂ ಆರ್‌ಸಿಗೆ ತಾಳೆಯಾಗಬೇಕು. ಹಳೇ ಪೆಟ್ರೋಲ್ ಎಂಜಿನ್ ಕಳಚಿ ಡೀಸೆಲ್ ಎಂಜಿನ್ ಕೂರಿಸಿದ ಕಾಂಟೆಸ್ಸಾಗಳು ನಮ್ಮಲ್ಲಿವೆ. ಆರ್‌ಸಿಯಲ್ಲಿ ಅದು ದಾಖಲಾಗದಿದ್ದರೆ ಎಫ್‌ಸಿಯೂ ಆಗುವುದಿಲ್ಲ, ವರ್ಗಾವಣೆಯೂ ಆಗುವುದಿಲ್ಲ. ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ. ಕೆಂಪು ಕಾರಿಗೆ ಹಳದಿ ಬಣ್ಣ ಹೊಡೆಸಿದ್ದರೆ ಅದನ್ನೂ ಆರ್‌ಸಿಯಲ್ಲಿ ಬರೆಸಬೇಕು.

ಬೇರೆ ರಾಜ್ಯದ ನಂಬರ್. ಗೋವಾ ಅಥವಾ ಮಹಾರಾಷ್ಟ್ರದ ನಂಬರ್ ಇರುವ ಗಾಡಿ ಇಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದರೆ ಇಲ್ಲಿಯ ನೋಂದಣಿ ಮಾಡಿಸಿ ಕರ್ನಾಟಕದ ತೆರಿಗೆ ಕಟ್ಟಬೇಕು. ಅದು ಬಾಕಿಯಿದ್ದರೆ ಬೆಲೆಯಿಂದ ಕಳೆಯುವ ಪಟ್ಟಿಗೆ ಸೇರಿಸಿ.

ಇವುಗಳ ಜೊತೆಗೆ ಚಾಲ್ತಿಯಲ್ಲಿರುವ ಇನ್ಶುರೆನ್ಸ್, ಎಮಿಷನ್ ಸರ್ಟಿಫಿಕೇಟ್, ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಬೇಕು. 2019ರ ಏಪ್ರಿಲ್‌ಗಿಂತ ಮೊದಲಿನ ಗಾಡಿಗಳಿಗೂ ಈ ಪ್ಲೇಟ್ ಕಡ್ಡಾಯ. ಎರಡನೇ ಕೀ, ಮಾಲಕರ ಕೈಪಿಡಿ, ಹಳೇ ಸರ್ವಿಸ್ ಬಿಲ್‌ಗಳು ಸಿಕ್ಕಿದರೆ ಜೋಪಾನವಾಗಿಡಿ. ಎಣ್ಣೆ ಕಲೆಯಾದ ಹಳೇ ಬಿಲ್ಲೂ ಬೇಕು. ದಿನಾಂಕ ಮತ್ತು ಕಿಲೋಮೀಟರ್ ಬರೆದಿರುವ ಇಂಥ ಬಿಲ್ಲುಗಳ ಸರಣಿ ಇದ್ದರೆ ಮೀಟರ್ ತಿರುಗಿಸಿಲ್ಲ ಅಂತ ತೋರಿಸೋಕೆ ಬೇರೆ ಸಾಕ್ಷಿ ಬೇಕಿಲ್ಲ.

ಹಂತ 3: ಕಾರಿನ ನಿಜವಾದ ಸ್ಥಿತಿ

ನಿಮ್ಮ ಪರಿಚಯದ ಮಿಸ್ತ್ರಿ ಒಳ್ಳೆಯವರೇ ಇರಬಹುದು. ಆದರೂ ಈ ಕಾರನ್ನು ಮೊದಲು ನೋಡಿರದ ಒಬ್ಬ ಮೆಕ್ಯಾನಿಕ್‌ಗೆ ದುಡ್ಡು ಕೊಟ್ಟು ತಪಾಸಣೆ ಮಾಡಿಸಿ, ದೋಷಗಳನ್ನು ಬರೆದು ಕೊಡಲು ಹೇಳಿ. ಪರಿಚಯದವರು ನಿಮ್ಮ ಮನಸ್ಸಿಗೆ ನೋವಾಗದಂತೆ ಹೇಳುತ್ತಾರೆ. ಗಿರಾಕಿಯ ಮೆಕ್ಯಾನಿಕ್ ಹಾಗೆ ಹೇಳುವುದಿಲ್ಲ.

ಏನೇನು ನೋಡಿಸಬೇಕು? ಎಂಜಿನ್‌ನ ಪ್ರತಿ ಸಿಲಿಂಡರ್‌ನ ಕಂಪ್ರೆಷನ್, ಅಂದರೆ ಒಳಗಿನ ಒತ್ತಡ ಎಲ್ಲದರಲ್ಲೂ ಸಮವಾಗಿದೆಯಾ ಅಂತ. ಕಂಪ್ಯೂಟರ್ ಇರುವ ಆಮದು ಕಾರುಗಳಿಗೆ ಸ್ಕ್ಯಾನರ್ ಹಾಕಿ ಕಂಪ್ಯೂಟರ್ ದೋಷಗಳ ಪಟ್ಟಿ. ಗಾಡಿಯನ್ನು ಲಿಫ್ಟ್ ಮೇಲೆ ಎತ್ತಿ ಸಸ್ಪೆನ್ಷನ್ ಬುಶ್, ಬ್ರೇಕ್ ಪೈಪ್, ಅಡಿಭಾಗದ ತುಕ್ಕು. ಮೇಲ್ಛಾವಣಿ ಮಡಚುವ ಕಾರಾದರೆ ಅದನ್ನು ಪೂರ್ತಿ ತೆರೆದು ಮುಚ್ಚಿ ನೋಡಿ. ಎಸ್‌ಎಲ್‌ಕೆಯ ಲೋಹದ ಛಾವಣಿಯನ್ನು ಎತ್ತಿಳಿಸುವ ಹೈಡ್ರಾಲಿಕ್ ಸಿಲಿಂಡರ್‌ಗಳ ಸೀಲು ವಯಸ್ಸಾದ ಮೇಲೆ ಸೋರುತ್ತದೆ. ಛಾವಣಿ ಅರ್ಧಕ್ಕೆ ನಿಲ್ಲುವುದು ಅದರ ಲಕ್ಷಣ. ಅದೇ ಕಾರಿನ ಮೊದಮೊದಲ 350 ಮಾಡೆಲ್‌ಗಳ ವಿ6 ಎಂಜಿನ್‌ನಲ್ಲಿ ಬ್ಯಾಲೆನ್ಸ್ ಶಾಫ್ಟ್ ಗೇರು ಸವೆಯುವ ತೊಂದರೆ ಪ್ರಪಂಚಕ್ಕೆಲ್ಲ ಗೊತ್ತು. ನಿಮ್ಮದು ಆ ಎಂಜಿನ್ ಆಗಿದ್ದರೆ ಗಿರಾಕಿಯ ಮೊದಲ ಪ್ರಶ್ನೆಯೇ ಅದಾಗಿರುತ್ತದೆ.

ಟಯರ್ ನೋಡುವುದು ಹೇಗೆ ಅಂತ ಬಹಳ ಜನರಿಗೆ ಗೊತ್ತಿಲ್ಲ. ಬಗ್ಗಿ ಕುಳಿತು ಟಯರಿನ ಪಕ್ಕದ ಗೋಡೆ ಒರೆಸಿ. "ಡಿಒಟಿ" ಅಂತ ಶುರುವಾಗುವ ಸಾಲಿನ ಕೊನೆಗೆ ಒಂದು ಸಣ್ಣ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಇರುತ್ತದೆ. 2317 ಅಂತಿದ್ದರೆ 2017ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಕೆಲವೊಮ್ಮೆ ಆ ಬದಿ ಒಳಗಡೆಗೆ ಇರುತ್ತದೆ, ಆಗ ಚಕ್ರ ಬಿಚ್ಚಿಯೋ ಗಾಡಿ ಎತ್ತಿಯೋ ನೋಡಬೇಕು. ಕಡಿಮೆ ಓಡಿದ ಕಾರಿನಲ್ಲಿ ಟಯರಿನ ಮೇಲೆ ಹಲ್ಲು ಚೆನ್ನಾಗಿಯೇ ಕಾಣುತ್ತದೆ, ಆದರೆ ರಬ್ಬರ್ ಗಟ್ಟಿಯಾಗಿ ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿರುತ್ತದೆ. ಇಂಥ ಟಯರ್ ಮೇಲೆ ಬೈಪಾಸ್‌ನಲ್ಲಿ ಟ್ರಯಲ್ ಕೊಡಬೇಡಿ. ಜೀವದ ಪ್ರಶ್ನೆ ಅದು.

ಪೆಟ್ರೋಲ್ ಪೈಪನ್ನೂ ನೋಡಿಸಿ. ಈಗ ಬಂಕುಗಳಲ್ಲಿ ಸಿಗುವುದು ಶೇ 20ರವರೆಗೆ ಎಥೆನಾಲ್ ಬೆರೆತ ಪೆಟ್ರೋಲ್. ಹಳೇ ಕಾರಿನ ರಬ್ಬರ್ ಪೈಪು, ಸೀಲುಗಳು ಅದಕ್ಕಾಗಿ ತಯಾರಾದವಲ್ಲ. ಗಾಡಿ ತಿಂಗಳುಗಟ್ಟಲೆ ನಿಂತಿದ್ದರೆ ಎಥೆನಾಲ್ ನೀರಿನ ಅಂಶ ಹೀರಿಕೊಂಡು ಟ್ಯಾಂಕಿನ ತಳದಲ್ಲಿ ಬೇರೆಯಾಗಿ ನಿಲ್ಲಬಹುದು. ಮಾರುವ ಮೊದಲು ಹಳೇ ಪೆಟ್ರೋಲ್ ತೆಗೆಸಿ ಹೊಸದು ಹಾಕಿಸಿ.

ಒಂದು ಒಳ್ಳೆಯ ಸುದ್ದಿಯೂ ಇದೆ. ಧಾರವಾಡ, ಗದಗ ಭಾಗದ ಒಣ ಹವೆಯಲ್ಲೇ ಬೆಳೆದ ಕಾರಿಗೆ ಗೋವಾ, ಕಾರವಾರ, ಮುಂಬೈ ಕಡಲತೀರದ ಕಾರಿಗಿಂತ ತುಕ್ಕು ಕಡಿಮೆ. ದೂರದ ಗಿರಾಕಿಗಳಿಗೆ ಇದರ ಬೆಲೆ ಗೊತ್ತು. ಅಡಿಭಾಗ ಸ್ವಚ್ಛವಾಗಿದ್ದರೆ ಅದೇ ನಿಮ್ಮ ದೊಡ್ಡ ಬಂಡವಾಳ. ಆದರೆ ಗೋವಾದಿಂದ ತಂದ ಕಾರಾದರೆ ಈ ಮಾತು ಹೇಳಬೇಡಿ.

ಹಂತ 4: ಬೆಲೆ ಕಟ್ಟುವುದು

ಮೊದಲು ನಿಮ್ಮದೇ ಮಾಡೆಲ್, ಹತ್ತಿರದ ಇಸವಿಯ ಕಾರುಗಳ ಜಾಹೀರಾತುಗಳನ್ನು ದೇಶದ ಎಲ್ಲ ಕಡೆಯಿಂದ ಕೂಡಿಹಾಕಿ. ಒಂದು ನೋಟ್‌ಬುಕ್ಕಿನಲ್ಲಿ ಇಸವಿ, ಕಿಲೋಮೀಟರ್, ಎಷ್ಟನೇ ಮಾಲಕರು, ಆರ್‌ಸಿ ಎಲ್ಲಿಯವರೆಗೆ, ಕೇಳಿದ ಬೆಲೆ ಬರೆಯಿರಿ. ಆಮೇಲೆ ಸುಮ್ನೆ ಕೆಲವು ವಾರ ಕಾಯಿರಿ. ಯಾವ ಜಾಹೀರಾತು ಬೇಗ ಮಾಯವಾಯಿತು, ಯಾವುದರ ಬೆಲೆ ಇಳಿಯಿತು, ಯಾವುದು ಹಾಗೇ ಕೂತಿದೆ ನೋಡಿ. ಕೂತಿರುವ ಜಾಹೀರಾತಿನ ಬೆಲೆ ಮಾರುಕಟ್ಟೆಯ ಬೆಲೆಯಲ್ಲ, ಅದು ಮಾಲಕರ ಆಸೆ. ಹೆಚ್ಚಿನವರು ಆ ಆಸೆಯ ಬೆಲೆಯನ್ನೇ ನೋಡಿ ತಮ್ಮದನ್ನೂ ಕಟ್ಟುತ್ತಾರೆ.

ದೆಹಲಿಯ ಜಾಹೀರಾತುಗಳನ್ನು ಬೇರೆ ಪುಟದಲ್ಲಿ ಬರೆಯಿರಿ. ಅಲ್ಲಿ 15 ವರ್ಷ ದಾಟಿದ ಪೆಟ್ರೋಲ್ ಕಾರು, 10 ವರ್ಷ ದಾಟಿದ ಡೀಸೆಲ್ ಕಾರುಗಳ ಮೇಲೆ ಬಹುಕಾಲದಿಂದ ನಿರ್ಬಂಧದ ಕತ್ತಿ ತೂಗುತ್ತಿರುವುದರಿಂದ ಬೆಲೆ ತೀರಾ ಇಳಿದಿರುತ್ತದೆ. ಕರ್ನಾಟಕದಲ್ಲಿ ಆ ನಿರ್ಬಂಧ ಇಲ್ಲ. ಗಿರಾಕಿ ದೆಹಲಿ ರೇಟು ತೋರಿಸಿ ಚೌಕಾಸಿಗೆ ಇಳಿದರೆ, ಅಲ್ಲಿಂದ ಎನ್‌ಒಸಿ, ಸಾಗಣೆ, ಇಲ್ಲಿಯ ತೆರಿಗೆ ಸೇರಿಸಿದರೆ ಎಷ್ಟಾಗುತ್ತದೆ ಅಂತ ಲೆಕ್ಕ ಮಾಡಿ ತೋರಿಸಿ.

ಇನ್ಶುರೆನ್ಸ್ ಪಾಲಿಸಿಯಲ್ಲಿರುವ ಐಡಿವಿಯನ್ನೂ ಮಾರಾಟದ ಬೆಲೆ ಅಂದುಕೊಳ್ಳಬೇಡಿ. ಐಡಿವಿ ಅಂದರೆ ಗಾಡಿ ಪೂರ್ತಿ ನಾಶವಾದರೆ ಅಥವಾ ಕಳುವಾದರೆ ಕಂಪನಿ ಕೊಡುವ ಮೊತ್ತ. ಐದು ವರ್ಷ ದಾಟಿದ ಗಾಡಿಗೆ ಅದನ್ನು ನೀವು ಮತ್ತು ಕಂಪನಿ ಮಾತಾಡಿ ಗೊತ್ತುಮಾಡಿದ್ದು ಅಷ್ಟೇ.

ಈಗ ಕಳೆಯುವ ಲೆಕ್ಕ. ಕೆಳಗಿನ ಅಂಕಿಗಳು ವಿಧಾನ ತೋರಿಸಲು ಮಾತ್ರ, ನಿಮ್ಮ ಕಾರಿಗೆ ನಿಮ್ಮ ಅಂಕಿ ಹಾಕಿಕೊಳ್ಳಿ. 20 ವರ್ಷ ದಾಟಿದ ಆಮದು ಕಾರು ಅಂತಿಟ್ಟುಕೊಳ್ಳಿ. ನೋಟ್‌ಬುಕ್ಕಿನ ಪ್ರಕಾರ ಸುಸ್ಥಿತಿಯ, ಆರ್‌ಸಿ ಚಾಲ್ತಿಯಿರುವ ಕಾರು ಸುಮಾರು 10 ಲಕ್ಷಕ್ಕೆ ಕೈಬದಲಾಗುತ್ತಿದೆ. ನಿಮ್ಮ ಕಾರಿಗೆ ಆಗಬೇಕಾದ ಕೆಲಸ:

ಆರ್‌ಸಿ ನವೀಕರಣ ಶುಲ್ಕ 80,000
ನಾಲ್ಕು ಟಯರ್ 60,000
ಬ್ಯಾಟರಿ, ಎಣ್ಣೆಗಳು, ಕೂಲೆಂಟ್ 30,000
ಸಸ್ಪೆನ್ಷನ್ ಕೆಲಸ 70,000
ಛಾವಣಿಯ ಹೈಡ್ರಾಲಿಕ್ 1,20,000

ಒಟ್ಟು 3,60,000. ಹತ್ತರಲ್ಲಿ ಕಳೆದರೆ 6,40,000. ಇದು ಇದ್ದ ಸ್ಥಿತಿಯಲ್ಲಿ ಕೊಟ್ಟರೆ ಸಿಗಬಹುದಾದ ಗರಿಷ್ಠ. ಗರಿಷ್ಠ ಯಾಕೆ ಅಂದರೆ, ಗಿರಾಕಿ ಕಣ್ಣಿಗೆ ಕಂಡ ದೋಷಕ್ಕೆ ಮಾತ್ರ ಕಳೆಯುವುದಿಲ್ಲ. "ಇನ್ನೂ ಏನೇನು ಇದೆಯೋ" ಅನ್ನುವ ಭಯಕ್ಕೂ ಒಂದಿಷ್ಟು ಕಳೆಯುತ್ತಾರೆ. ನೀವು ದೋಷಗಳನ್ನು ಬರಹದಲ್ಲಿ ಕೊಟ್ಟಷ್ಟೂ ಆ ಭಯದ ಪಾಲು ಚಿಕ್ಕದಾಗುತ್ತದೆ.

ವ್ಯಾಪಾರಿಗೆ ಕೊಡುವುದಾದರೆ ಇನ್ನೂ ಕಡಿಮೆ ಸಿಗುತ್ತದೆ. ಅವರು ದುಡ್ಡು ಕಟ್ಟಿಹಾಕಿ ಗಿರಾಕಿಗಾಗಿ ಕಾಯಬೇಕು, ತಮ್ಮ ಲಾಭದ ಮೇಲೆ ಜಿಎಸ್‌ಟಿಯನ್ನೂ ಕಟ್ಟಬೇಕು. ಹಾಗಾಗಿ ಅವರ ಕಡಿಮೆ ಬೆಲೆಯನ್ನು ಅವಮಾನ ಅಂದುಕೊಳ್ಳಬೇಡಿ. ತುರ್ತಾಗಿ ದುಡ್ಡು ಬೇಕಿದ್ದವರಿಗೆ ಅದೂ ಒಂದು ದಾರಿ.

ಹಂತ 5: ಯಾವುದಕ್ಕೆ ಖರ್ಚು ಮಾಡಬೇಕು, ಯಾವುದಕ್ಕೆ ಬೇಡ

ಮೇಲಿನ ಉದಾಹರಣೆಯಲ್ಲೇ ನೋಡಿ. ಆರ್‌ಸಿ, ಟಯರ್, ಬ್ಯಾಟರಿಗೆ ನೀವೇ 1,70,000 ಹಾಕಿದರೆ ಕಾರಿನ ಬೆಲೆ 8,10,000 ಆಗುತ್ತದೆ. ನಿಮ್ಮ ಖರ್ಚು ಕಳೆದರೆ ಮತ್ತೆ ಅದೇ 6,40,000. ಹಾಗಾದರೆ ಯಾಕೆ ಮಾಡಿಸಬೇಕು ಅಂತ ಕೇಳಬಹುದು. ಆರ್‌ಸಿ ಮುಗಿದ, ಬ್ಯಾಟರಿ ಸತ್ತ ಕಾರನ್ನು ನೋಡಲು ಬೆಂಗಳೂರಿನಿಂದಲೋ ಪುಣೆಯಿಂದಲೋ 400 ಕಿ.ಮೀ. ಯಾರೂ ಬರುವುದಿಲ್ಲ. ಬರುವವರು ಬಿಡಿಭಾಗಕ್ಕಾಗಿ ಕೇಳುವವರು ಮಾತ್ರ. ಈ ಖರ್ಚಿನಿಂದ ಬರುವ ಲಾಭ ಅಂದರೆ ಗಿರಾಕಿಗಳ ಸಂಖ್ಯೆ. ನಿಮ್ಮ ಕಾರಿನ ನಿಜವಾದ ಮಾರುಕಟ್ಟೆ ಹುಬ್ಬಳ್ಳಿಯಲ್ಲಿಲ್ಲ, ಬೆಂಗಳೂರು, ಪುಣೆ, ಮುಂಬೈ, ಗೋವಾದಲ್ಲಿದೆ ಅನ್ನುವುದನ್ನು ಮರೆಯಬೇಡಿ.

ಪೂರ್ತಿ ಪೇಂಟ್ ಮಾತ್ರ ಬೇಡವೇ ಬೇಡ. ಹೊಸ ಬಣ್ಣ ಕಂಡರೆ ತಿಳಿದವರಿಗೆ ಅನುಮಾನ ಬರುತ್ತದೆ: ಅಡಿಯಲ್ಲಿ ತುಕ್ಕು ಮುಚ್ಚಿದ್ದಾರಾ, ಆ್ಯಕ್ಸಿಡೆಂಟ್ ಆಗಿತ್ತಾ ಅಂತ. ಅಲ್ಲಲ್ಲಿ ಗೀರು ಬಿದ್ದ ಮೂಲ ಬಣ್ಣಕ್ಕೇ ಬೆಲೆ ಜಾಸ್ತಿ. ಒಳ್ಳೆಯ ವಾಶ್, ಕೈಪಾಲಿಶ್ ಸಾಕು. ದೊಡ್ಡ ಅಲಾಯ್ ಚಕ್ರ, ಗದ್ದಲದ ಸೈಲೆನ್ಸರ್, ಹೊಸ ಸ್ಟೀರಿಯೋ ಹಾಕಿಸಿದ್ದರೆ ತೆಗೆಸಿ, ಅಟ್ಟದ ಮೇಲಿರುವ ಮೂಲ ಭಾಗಗಳನ್ನು ವಾಪಸ್ ಕೂರಿಸಿ.

ಹಂತ 6: ಫೋಟೋ ಮತ್ತು ಜಾಹೀರಾತು

ಬೆಳಗಿನ ಹೊತ್ತು, ಗದ್ದಲವಿಲ್ಲದ ಜಾಗದಲ್ಲಿ ತೆಗೆಯಿರಿ. ಚೆಂದದ ಫೋಟೋ ನಾಲ್ಕೈದು ಸಾಕು. ಉಳಿದವು ವಿವರದ ಫೋಟೋ ಆಗಿರಲಿ: ಲಿಫ್ಟ್ ಮೇಲಿದ್ದಾಗ ಅಡಿಭಾಗ, ಎಂಜಿನ್ ಚಾಲೂ ಇರುವಾಗ ಮೀಟರ್, ಟಯರಿನ ನಾಲ್ಕು ಅಂಕಿ, ಸೀಟಿನ ಹರಿದ ಹೊಲಿಗೆ, ಡಿಕ್ಕಿಯ ಕಾರ್ಪೆಟ್ ಎತ್ತಿದ ಜಾಗ, ಎರಡೂ ಕೀ. ದೋಷದ ಫೋಟೋ ಹಾಕಲು ಹಿಂಜರಿಯಬೇಡಿ. ದೋಷ ನೋಡಿಯೂ ಫೋನ್ ಮಾಡಿದವರೇ ನಿಮ್ಮ ಗಿರಾಕಿ.

ಬರಹದಲ್ಲಿ ಇಸವಿ, ಎಷ್ಟನೇ ಮಾಲಕರು, ಆರ್‌ಸಿ ಯಾವ ದಿನಾಂಕದವರೆಗೆ, ಆಗಿರುವ ಕೆಲಸ, ಆಗಬೇಕಿರುವ ಕೆಲಸ, ಬೆಲೆ ಇಷ್ಟಿರಲಿ. ಬೆಲೆ ಬರೆಯದೆ "ಕಾಲ್ ಮಾಡಿ" ಅಂತ ಹಾಕಬೇಡಿ. ಆರ್‌ಸಿಯ ಪೂರ್ತಿ ಫೋಟೋ, ಆಧಾರ್ ಪ್ರತಿ ಹಾಕಲೇಬೇಡಿ. ವ್ಯವಹಾರ ಕುದುರಿದ ಮೇಲೂ ಮೊದಲ ಎಂಟು ಅಂಕಿ ಮರೆಮಾಡಿದ ಆಧಾರ್ ಕೊಟ್ಟರೆ ಸಾಕು.

ಚೌಕಾಸಿಗೆ ಎಷ್ಟು ಜಾಗ ಬಿಡಬೇಕು? ನನ್ನ ಅಭಿಪ್ರಾಯದಲ್ಲಿ ಶೇ 5ರಿಂದ 7. ಅಂದರೆ 8,10,000 ನಿಮ್ಮ ಲೆಕ್ಕವಾದರೆ 8,60,000 ಹಾಕಿ. ನಮ್ಮ ಕಡೆ "ಅರ್ಧಕ್ಕೆ ಕೇಳ್ತಾರೆ, ಡಬಲ್ ಹೇಳು" ಅನ್ನುವ ರೂಢಿ ಇದೆ. ಈ ಕಾರಿಗೆ ಅದು ನಡೆಯುವುದಿಲ್ಲ, ಯಾಕೆಂದರೆ ದೂರದ ಗಿರಾಕಿ ಡಬಲ್ ಬೆಲೆ ನೋಡಿ ಫೋನೇ ಮಾಡುವುದಿಲ್ಲ.

ಸಮಯವನ್ನೂ ನೋಡಿಕೊಳ್ಳಿ. ಮಳೆಗಾಲದಲ್ಲಿ ಎರಡು ಸೀಟಿನ ಕಾರು ಕೇಳುವವರು ಕಡಿಮೆ. ಪಿತೃಪಕ್ಷದಲ್ಲಿ ಒಪ್ಪಂದವಾದರೂ ಗಾಡಿ ಒಯ್ಯುವುದಿಲ್ಲ. ಕಾಗದ, ರಿಪೇರಿ ಎಲ್ಲ ಆಷಾಢ-ಶ್ರಾವಣದಲ್ಲಿ ಮುಗಿಸಿ ದಸರೆಗೆ ಮುಂಚೆ ಜಾಹೀರಾತು ಹಾಕಿದರೆ, ಆಯುಧಪೂಜೆಯಿಂದ ದೀಪಾವಳಿ ಪಾಡ್ಯದವರೆಗಿನ ಒಳ್ಳೆಯ ಕಾಲ ಸಿಗುತ್ತದೆ.

ಹಂತ 7: ಗಿರಾಕಿ ಬಂದಾಗ

ಫೋನಿನಲ್ಲೇ "ಲಾಸ್ಟ್ ಎಷ್ಟ್ರೀ?" ಅಂತ ಕೇಳುವವರಿಗೆ ಒಂದೇ ಉತ್ತರ: "ಗಾಡಿ ನೋಡ್ರಿ, ಆಮ್ಯಾಲೆ ಮಾತಾಡೋಣು." ನೋಡದೆ ಬೆಲೆ ಇಳಿಸಿದರೆ, ನೋಡಿದ ಮೇಲೆ ಮತ್ತೊಮ್ಮೆ ಇಳಿಸಬೇಕಾಗುತ್ತದೆ.

ಗಿರಾಕಿ ಬರುವ ಮೊದಲು ಎಂಜಿನ್ ಚಾಲೂ ಮಾಡಿ ಬಿಸಿ ಮಾಡಿಡಬೇಡಿ. ತಿಳಿದವರು ಬಂದ ಕೂಡಲೇ ಬಾನೆಟ್ ಮೇಲೆ ಕೈ ಇಟ್ಟು ನೋಡುತ್ತಾರೆ. ತಣ್ಣಗಿನ ಎಂಜಿನ್ ಅವರೆದುರೇ ಚಾಲೂ ಆಗಲಿ. ಮೊದಲ ಕೆಲವು ಸೆಕೆಂಡಿನ ಸದ್ದು, ಹಿಂದೆ ಬರುವ ಹೊಗೆಯ ಬಣ್ಣ ಅವರೇ ನೋಡಿಕೊಳ್ಳಲಿ. ನೀಲಿ ಹೊಗೆ ಅಂದರೆ ಎಣ್ಣೆ ಉರಿಯುತ್ತಿದೆ. ಅದು ಇದ್ದರೆ ನೀವೇ ಮೊದಲು ಹೇಳಿರಬೇಕು.

ಟ್ರಯಲ್‌ಗೆ ಇನ್ಶುರೆನ್ಸ್ ಚಾಲ್ತಿಯಲ್ಲಿರಬೇಕು, ಗಿರಾಕಿಯ ಲೈಸೆನ್ಸ್ ನೋಡಬೇಕು, ನೀವು ಪಕ್ಕದಲ್ಲೇ ಕೂರಬೇಕು. ಮೊದಲು ನೀವು ಓಡಿಸಿ, ಆಮೇಲೆ ಅವರಿಗೆ ಕೊಡಿ. ಬೆಳಿಗ್ಗೆ ಬೇಗ, ಗೋಕುಲ ರಸ್ತೆಯಲ್ಲಿ ವಿಮಾನ ನಿಲ್ದಾಣದ ಕಡೆಗೆ ಹೋಗಿ ಬಂದರೆ ಸಾಕಷ್ಟು ತಿಳಿಯುತ್ತದೆ. ತಗ್ಗಿನ ಗಾಡಿಯಾದರೆ ದಾರಿಯ ಹಂಪುಗಳು ಎಲ್ಲೆಲ್ಲಿವೆ ಅಂತ ಮೊದಲೇ ಹೇಳಿ. ಗಿರಾಕಿಯೊಬ್ಬರನ್ನೇ ಕೀ ಕೊಟ್ಟು ಕಳಿಸಬೇಡಿ, ಅವರು ಎಷ್ಟೇ ದೊಡ್ಡ ಮನುಷ್ಯರಾಗಿರಲಿ.

ಹಂತ 8: ಸಂಚಕಾರ ಮತ್ತು ದುಡ್ಡು

ಮಾತು ಕುದುರಿದರೆ ಸಂಚಕಾರ, ಅಂದರೆ ಮುಂಗಡ, ತೆಗೆದುಕೊಳ್ಳಿ. ಒಂದು ಹಾಳೆಯಲ್ಲಿ ಒಟ್ಟು ಬೆಲೆ, ಸಂಚಕಾರ, ಬಾಕಿ ಕೊಡುವ ದಿನಾಂಕ, ಆ ದಿನ ದಾಟಿದರೆ ಏನು ಅನ್ನುವುದನ್ನು ಬರೆದು ಇಬ್ಬರೂ ಸಹಿ ಮಾಡಿ. ದೋಷಗಳ ಪಟ್ಟಿಯನ್ನೂ ಅದಕ್ಕೇ ಲಗತ್ತಿಸಿ, "ನೋಡಿ ಒಪ್ಪಿದ್ದೇನೆ" ಅಂತ ಗಿರಾಕಿಯ ಸಹಿ ಹಾಕಿಸಿ.

ನಗದಿನ ವಿಷಯದಲ್ಲಿ ಎಚ್ಚರ. ಒಂದೇ ವ್ಯವಹಾರಕ್ಕೆ ಎರಡು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ತೆಗೆದುಕೊಂಡವರಿಗೇ ಅಷ್ಟೇ ಮೊತ್ತದ ದಂಡ. ಕಂತು ಕಂತಾಗಿ ತಗೊಂಡರೂ ವ್ಯವಹಾರ ಒಂದೇ. ಆರ್‌ಟಿಜಿಎಸ್ ಮಾಡಿಸಿ. 2020ರ ಡಿಸೆಂಬರ್‌ನಿಂದ ಅದು ದಿನದ 24 ಗಂಟೆಯೂ ಇದೆ. ಮೆಸೇಜ್ ಬಂತು ಅಂತ ನಂಬದೆ ನಿಮ್ಮ ಖಾತೆಯಲ್ಲಿ ದುಡ್ಡು ಜಮಾ ಆಗಿದೆಯಾ ನೋಡಿ. "ದುಡ್ಡು ಹಾಕೋಕೆ ಈ ಕ್ಯೂಆರ್ ಸ್ಕ್ಯಾನ್ ಮಾಡಿ" ಅಂತ ಯಾರಾದರೂ ಹೇಳಿದರೆ ಅದು ಮೋಸ. ದುಡ್ಡು ಪಡೆಯಲು ಸ್ಕ್ಯಾನ್ ಮಾಡುವ, ಪಿನ್ ಒತ್ತುವ ಅಗತ್ಯವೇ ಇಲ್ಲ.

ಹಂತ 9: ಹೆಸರು ಬದಲಾವಣೆ

ಪೂರ್ತಿ ದುಡ್ಡು ಬಂದ ದಿನವೇ ಡೆಲಿವರಿ ನೋಟ್ ಬರೆಯಿರಿ. ದಿನಾಂಕದ ಜೊತೆ ಗಂಟೆ-ನಿಮಿಷವನ್ನೂ ಹಾಕಿ, ಮೀಟರ್ ರೀಡಿಂಗ್ ಬರೆಯಿರಿ. ಅಂದು ಸಂಜೆಯೇ ಏನಾದರೂ ಅಪಘಾತವಾದರೆ ಆ ನಿಮಿಷ ನಿಮಗೆ ಬೇಕಾಗುತ್ತದೆ.

ಫಾರಂ 29 ಅಂದರೆ "ಗಾಡಿ ಮಾರಿದ್ದೇನೆ" ಅಂತ ನೀವು ಆರ್‌ಟಿಒಗೆ ಕೊಡುವ ಸೂಚನೆ. ಫಾರಂ 30 ಅಂದರೆ ಹೆಸರು ಬದಲಾಯಿಸಲು ಇಬ್ಬರೂ ಸೇರಿ ಕೊಡುವ ಅರ್ಜಿ. ರಾಜ್ಯದೊಳಗಿನ ಮಾರಾಟಕ್ಕೆ ನೀವು 14 ದಿನದೊಳಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ ಅರ್ಜಿ ಹಾಕಬೇಕು. ಬೇರೆ ರಾಜ್ಯದ ಗಿರಾಕಿಯಾದರೆ ಫಾರಂ 28ರಲ್ಲಿ ಎನ್‌ಒಸಿ ಬೇಕು, ನಿಮ್ಮ ಗಡುವು 45 ದಿನ. ಕೆಎ-25 ಧಾರವಾಡ, ಕೆಎ-63 ಹುಬ್ಬಳ್ಳಿ, ಕೆಎ-26 ಗದಗ, ಕೆಎ-27 ಹಾವೇರಿ, ಕೆಎ-68 ರಾಣೆಬೆನ್ನೂರು. ನಿಮ್ಮ ಗಾಡಿಯ ದಾಖಲೆ ಈಗ ಯಾವ ಕಚೇರಿಯಲ್ಲಿದೆಯೋ ಅಲ್ಲಿಂದಲೇ ಎನ್‌ಒಸಿ ಬರಬೇಕು.

ಖಾಲಿ ಫಾರಂಗಳ ಮೇಲೆ ಸಹಿ ಮಾಡಿ ಕೊಡುವುದು ನಮ್ಮಲ್ಲಿ ತೀರಾ ಮಾಮೂಲಿ. ದಯವಿಟ್ಟು ಮಾಡಬೇಡಿ. ಆರ್‌ಸಿಯಲ್ಲಿ ಹೆಸರು ಯಾರದಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆ ಅಂತ ಸುಪ್ರೀಂ ಕೋರ್ಟ್ 2018ರ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿತು. ಅಲ್ಲಿ ಕಾರು ಕೈಯಿಂದ ಕೈಗೆ ಮಾರಾಟವಾಗುತ್ತಾ ಹೋಗಿತ್ತು, ಹೆಸರು ಮಾತ್ರ ಮೊದಲಿನವರದೇ ಉಳಿದಿತ್ತು. ವ್ಯಾಪಾರಿಗೆ ಕೊಡುವುದಾದರೆ ಅವರಿಗೆ ಆರ್‌ಟಿಒದ ಅಧಿಕೃತ ಪರವಾನಗಿ ಇದೆಯಾ ಕೇಳಿ. ಇದ್ದರೆ ಫಾರಂ 29ಸಿ ಮೂಲಕ ಗಾಡಿ ಒಪ್ಪಿಸಿದ್ದನ್ನು ಪೋರ್ಟಲ್‌ನಲ್ಲೇ ದಾಖಲಿಸಬಹುದು. 2023ರ ಏಪ್ರಿಲ್‌ನಿಂದ ಈ ವ್ಯವಸ್ಥೆ ಇದೆ.

ಇನ್ಶುರೆನ್ಸ್ ಕಂಪನಿಗೂ ಮಾರಾಟ ತಿಳಿಸಿ. ಕೊಂಡವರು 14 ದಿನದೊಳಗೆ ಪಾಲಿಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಹಾಕಬೇಕು. ನೋ ಕ್ಲೇಮ್ ಬೋನಸ್ ನಿಮ್ಮದು, ಕಾರಿನದಲ್ಲ. ಅದರ ಪತ್ರ ಕೇಳಿ ಪಡೆದರೆ ನಿಮ್ಮ ಮುಂದಿನ ಕಾರಿಗೆ ರಿಯಾಯಿತಿ ಸಿಗುತ್ತದೆ. ಫಾಸ್ಟ್ಯಾಗ್ ಬಂದ್ ಮಾಡಿಸಿ, ಇಲ್ಲದಿದ್ದರೆ ಪುಣೆ ದಾರಿಯ ಟೋಲೆಲ್ಲ ನಿಮ್ಮ ಖಾತೆಯಿಂದಲೇ ಹೋಗುತ್ತದೆ.

ಆಮೇಲೆ ವಾರಕ್ಕೊಮ್ಮೆ ಎಂಪರಿವಾಹನ್‌ನಲ್ಲಿ ಗಾಡಿ ನಂಬರ್ ಹಾಕಿ ನೋಡುತ್ತಿರಿ. ತಿಂಗಳಾದರೂ ನಿಮ್ಮ ಹೆಸರೇ ಇದ್ದರೆ ಗಿರಾಕಿಗೆ ಫೋನ್ ಮಾಡಿ. ಅವರು ನಾಳೆ-ನಾಡಿದ್ದು ಅಂದರೆ ಕಾಯುತ್ತಾ ಕೂರಬೇಡಿ. ಫಾರಂ 29ರ ಸ್ವೀಕೃತಿ, ಡೆಲಿವರಿ ನೋಟ್, ಬ್ಯಾಂಕ್ ದಾಖಲೆಯ ಪ್ರತಿ ಲಗತ್ತಿಸಿ ಆರ್‌ಟಿಒಗೆ ಲಿಖಿತ ಅರ್ಜಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಅದೇ ಅರ್ಜಿಯ ಇನ್ನೊಂದು ಪ್ರತಿಯನ್ನು ಗಿರಾಕಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿಯನ್ನು ಕಾರಿನ ಫೈಲಿಗೇ ಹಾಕಿಡಿ.